ಸ್ಲೈಡ್‌ಶೋ ಹಾಕಿದ ಮೇಲೆ ವೆಬ್‌ಸೈಟ್ ಯಾಕೆ ನಿಧಾನವಾಯಿತು?

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ವೆಬ್‌ಸೈಟ್‌ನ ಮೊದಲ ಪುಟಕ್ಕೆ ಸೀರೆಗಳ ಸ್ಲೈಡ್‌ಶೋ ಹಾಕಿಸಿದೆವು. ಆಮೇಲೆ ಮೊಬೈಲ್‌ನಲ್ಲಿ ಪುಟ ತೆರೆಯೋಕೆ ಬಹಳ ಹೊತ್ತು ಹಿಡಿಯುತ್ತಿದೆ. ಸ್ಲೈಡ್‌ಶೋ ತೆಗೆದುಬಿಡಬೇಕೇ?

ಉತ್ತರ: ಬೇಡ, ಇರಲಿ. ಮೊದಲು ಫೋಟೊಗಳ ಗಾತ್ರ ನೋಡಿ. ಹೆಚ್ಚಿನ ಸಲ ತೊಂದರೆ ಅಲ್ಲೇ ಇರುತ್ತದೆ.

ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ ಸುಮಾರು 4000 ಪಿಕ್ಸೆಲ್ ಅಗಲ ಇರುತ್ತದೆ. ಒಂದೊಂದೂ 3–4 ಎಂಬಿ ಆಗಬಹುದು. ಅಂಥ ಎಂಟು ಫೋಟೊ ಹಾಕಿದರೆ ಹತ್ತಿರ ಹತ್ತಿರ 30 ಎಂಬಿ ಆಯಿತಲ್ವಾ? ಗಿರಾಕಿ ಮೊದಲನೆಯದನ್ನೇ ಇನ್ನೂ ಕಂಡಿರುವುದಿಲ್ಲ, ಎಂಟೂ ಒಟ್ಟಿಗೆ ಇಳಿಯೋಕೆ ಶುರುವಾಗಿರುತ್ತವೆ.

ಸ್ಲೈಡ್‌ಶೋಗೆ 1600 ಪಿಕ್ಸೆಲ್ ಅಗಲ ಸಾಕು. ಸ್ಕ್ವೂಶ್ ಎಂಬ ಉಚಿತ ಸಾಧನ ಬ್ರೌಸರಿನಲ್ಲೇ ಕೆಲಸ ಮಾಡುತ್ತದೆ. ಅದರಲ್ಲಿ ಅಗಲ ಇಳಿಸಿ, ಕ್ವಾಲಿಟಿ 75–80ರ ಹತ್ತಿರ ಇಟ್ಟು, ವೆಬ್‌ಪಿ ಎಂಬ, ಕಡಿಮೆ ಜಾಗ ಹಿಡಿಯುವ ಫೋಟೊ ರೂಪದಲ್ಲಿ ಉಳಿಸಿಕೊಳ್ಳಿ. ಎಂಬಿಗಳಲ್ಲಿದ್ದ ಫೋಟೊ ಕೆಲವು ನೂರು ಕೆಬಿಗೆ ಬರುತ್ತದೆ.

ಕಸೂತಿಯ ಫೋಟೊ ಮಾತ್ರ ಜೋಪಾನ. ಗೋಪುರ, ತೇರು, ಆನೆ ಎಲ್ಲವೂ ಸಣ್ಣ ಸಣ್ಣ ಹೊಲಿಗೆಯಲ್ಲೇ ಮೂಡಿರುತ್ತವೆ. ಕ್ವಾಲಿಟಿ ಜಾಸ್ತಿ ಇಳಿಸಿದರೆ ಗವಂತಿ ಎಂಬ ಕಸೂತಿ ಹೊಲಿಗೆಯ ಎಳೆ ಹಿಂದಿನ ಬಟ್ಟೆಯ ಜೊತೆ ಕಲಸಿಹೋಗುತ್ತದೆ. ಸ್ಕ್ವೂಶ್‌ನಲ್ಲಿ ನಡುವಿನ ಗೆರೆಯನ್ನು ಅತ್ತಿತ್ತ ಎಳೆದರೆ ಹಳೆಯದೂ ಹೊಸದೂ ಅಕ್ಕಪಕ್ಕ ಕಾಣುತ್ತವೆ. ದೊಡ್ಡದು ಮಾಡಿ ನೋಡಿ, ಎಳೆ ಬಿಡಿಬಿಡಿಯಾಗಿ ಕಂಡರೆ ಸಾಕು. ಸೈಟ್ ಮಾಡುವವರಿಗೆ ಫೋಟೊವನ್ನು ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಬೇಡಿ, ಅದು ತಾನೇ ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಸೀರೆ ಮಾರುವವರು ದಡಿಯ ಕಡೆಗೂ ಕಣ್ಣಿಡಬೇಕು. ಸ್ಲೈಡ್‌ಶೋದ ಚೌಕಟ್ಟು ಅಡ್ಡ, ಸೀರೆಯ ಫೋಟೊ ಹೆಚ್ಚಾಗಿ ಉದ್ದ. ‘ಆಬ್ಜೆಕ್ಟ್ ಫಿಟ್’ ಎಂಬ ಸೆಟ್ಟಿಂಗ್‌ನಲ್ಲಿ ‘ಕವರ್’ ಎಂದಿದ್ದರೆ ಚೌಕಟ್ಟು ತುಂಬಿಸೋಕೆ ಫೋಟೊದ ಮೇಲೂ ಕೆಳಗೂ ಕತ್ತರಿ ಬೀಳುತ್ತದೆ. ಚಿಕ್ಕಿ ಪರಾಸ್ ದಡಿ ನೋಡೋಕೆಂದೇ ಬಂದವರಿಗೆ ಬರೀ ಒಡಲು ಕಂಡರೆ ಏನು ಪ್ರಯೋಜನ? ಅದನ್ನು ‘ಕಂಟೇನ್’ ಮಾಡಿಸಿ, ಫೋಟೊ ಪೂರ್ತಿ ಕಾಣುತ್ತದೆ. ಎಲ್ಲ ಫೋಟೊಗಳನ್ನೂ ಒಂದೇ ಅಳತೆಯಲ್ಲಿ ಅಡ್ಡಡ್ಡ ತೆಗೆದರೆ ಇನ್ನೂ ಒಳ್ಳೆಯದು.

ಮೊದಲ ಫೋಟೊ ಬಿಟ್ಟು ಉಳಿದವಕ್ಕೆ ‘ಲೇಜಿ ಲೋಡಿಂಗ್’ ಹಾಕಿಸಿ, ಅಂದರೆ ನೋಡುವ ಸರದಿ ಹತ್ತಿರ ಬಂದಾಗಲೇ ಫೋಟೊ ಇಳಿಯುವ ಹಾಗೆ. ಎಲ್ಲಕ್ಕೂ ಅಗಲ, ಎತ್ತರ ಬರೆಸಿ, ಫೋಟೊ ಇಳಿಯುವಾಗ ಪುಟ ಜಿಗಿಯುವುದು ನಿಲ್ಲುತ್ತದೆ.

ಫೋಟೊ ತಾನಾಗಿ ಸರಿಯುವ ವ್ಯವಸ್ಥೆ ನನಗೆ ಒಪ್ಪಿಗೆ ಇಲ್ಲ. ಸೆರಗನ್ನು ನಿಧಾನಕ್ಕೆ ನೋಡುತ್ತಿದ್ದವರ ಕಣ್ಣೆದುರಿನಿಂದ ಅದನ್ನು ಕಿತ್ತುಕೊಂಡ ಹಾಗಾಗುತ್ತದೆ. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಓಡುವಂಥದ್ದಕ್ಕೆ ನಿಲ್ಲಿಸುವ ಬಟನ್ ಇರಲೇಬೇಕು ಎಂದು ಎಲ್ಲರಿಗೂ ಎಟಕುವ ವೆಬ್‌ಸೈಟ್‌ಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಬೆರಳಿನಿಂದ ಸರಿಸುವಂತೆ ಬಿಟ್ಟುಬಿಡಿ. ಅಷ್ಟಕ್ಕೆ ಸಿಎಸ್‌ಎಸ್‌ನ (ಪುಟದ ರೂಪ ಹೇಳುವ ಭಾಷೆ) ‘ಸ್ಕ್ರೋಲ್ ಸ್ನ್ಯಾಪ್’ ಸಾಕು, ದೊಡ್ಡ ಪ್ಲಗಿನ್ ಬೇಕಿಲ್ಲ.

ಎಲ್ಲ ಬದಲಿಸಿದ ಮೇಲೆ ಅಂಗಡಿಯ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ, ಬ್ರೌಸರಿನ ಇನ್‌ಕಾಗ್ನಿಟೊದಲ್ಲಿ ಪುಟ ತೆರೆಯಿರಿ. ಇಲ್ಲದಿದ್ದರೆ ಮೊದಲೇ ಇಳಿದು ಕೂತ ಫೋಟೊಗಳು ಬೇಗ ಕಾಣಿಸಿಕೊಂಡು ನಿಮ್ಮ ಲೆಕ್ಕ ತಪ್ಪಿಸುತ್ತವೆ.