ಹಕ್ಕಿ ರುಚಿ ನೋಡುವ ಮುನ್ನ

ಹಕ್ಕಿ ಕಾಟಕ್ಕೆ ಪರಿಹಾರ ಹುಡುಕುವುದು ಹೆಚ್ಚಾಗಿ ಅರ್ಧ ತೆನೆ ಖಾಲಿಯಾದ ಮೇಲೆ. ಅಷ್ಟರಲ್ಲಿ ಹಿಂಡಿಗೆ ಹೊಲದ ದಾರಿ ರೂಢಿಯಾಗಿರುತ್ತದೆ, ಬಿಡಿಸುವುದು ಬಲು ಕಷ್ಟ. ಜೋಳ, ಸಜ್ಜೆ ಹಾಲುಗಾಳಾದಾಗ, ಸೂರ್ಯಕಾಂತಿಯ ಬೀಜ ತುಂಬತೊಡಗಿದಾಗ ಹಕ್ಕಿ ಇಳಿಯುತ್ತದೆ. ಹೂ ಬಿಟ್ಟಿರುವಾಗಲೇ ತಯಾರಿ ಮುಗಿದಿರಬೇಕು.

ಮೊದಲು ಯಾವ ಹಕ್ಕಿ ಎಂದು ಗುರುತಿಸಿ. ಸೂರ್ಯಕಾಂತಿ ಗಿಡದ ಬುಡದಲ್ಲಿ ಬೀಜದ ಸಿಪ್ಪೆ, ತುಂಡಾದ ತೆನೆ ಬಿದ್ದಿದ್ದರೆ ಅದು ಗಿಳಿಯ ಕೆಲಸ. ತಿನ್ನುವುದಕ್ಕಿಂತ ಹಾಳು ಮಾಡುವುದೇ ಹೆಚ್ಚು. ಎಳೆಗಾಳನ್ನು ಹಿಂಡಿ, ತೆನೆಯ ಮೇಲೆ ಬಿಳಿ ಹಾಲಿನ ಕಲೆ ಉಳಿಸುವುದು ಗುಬ್ಬಿ, ಮುನಿಯದಂಥ ಚಿಕ್ಕ ಹಕ್ಕಿಗಳು.

ಅಗ್ಗದ ಉಪಾಯ ಮಿನುಗುವ ರಿಬ್ಬನ್. ಒಂದು ಮಗ್ಗುಲು ಬೆಳ್ಳಿ, ಇನ್ನೊಂದು ಕೆಂಪು ಇರುವುದನ್ನು ಆರಿಸಿ. ಗೂಟಗಳನ್ನು ಉತ್ತರ ದಕ್ಷಿಣವಾಗಿ ನೆಟ್ಟು, ತೆನೆಗಿಂತ ಸುಮಾರು ಒಂದಡಿ ಮೇಲೆ, ಸಾಲಿನಿಂದ ಸಾಲಿಗೆ 5 ಮೀಟರ್ ಬಿಟ್ಟು ಕಟ್ಟಿ. ಕಟ್ಟುವಾಗ ಎರಡು ಮೂರು ಸುತ್ತು ತಿರುಚಿದರೆ ಗಾಳಿಗೆ ಮಿಂಚುವುದರ ಜೊತೆಗೆ ಗುಂಯ್‌ಗುಡುತ್ತದೆ. ಸಡಿಲ ಬಿಟ್ಟರೆ ತೆನೆಗೆ ಸುತ್ತಿಕೊಂಡು ಹರಿಯುತ್ತದೆ. ತೀರಾ ಬಿಗಿದರೆ ಗೂಟದ ಅಂಚು ತಾಗಿ ಕಡಿಯುತ್ತದೆ, ಅಲ್ಲಿಗೊಂದು ಬಟ್ಟೆ ಸುತ್ತಿ. ಗಾಳಿಯಿಲ್ಲದ ದಿನ, ಮೋಡದ ದಿನ ಇದನ್ನು ನಂಬಬೇಡಿ.

ಬೆದರುಬೊಂಬೆ, ಪಟಾಕಿ, ಧ್ವನಿಯಂತ್ರ ಯಾವುದಾದರೂ ಕೆಲವೇ ದಿನಗಳಲ್ಲಿ ಹಕ್ಕಿಗೆ ಅಭ್ಯಾಸವಾಗುತ್ತದೆ. ಹೆದರಿಕೆಯ ಹಿಂದೆ ಅಪಾಯವಿಲ್ಲ ಎಂದು ಅದು ಬೇಗ ಕಲಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ, ಸದ್ದಿನ ಅಂತರವನ್ನೂ ಬದಲಿಸುತ್ತಿರಿ. ಹಕ್ಕಿ ಮುಗಿಬೀಳುವುದು ಸೂರ್ಯೋದಯದ ನಂತರದ ಎರಡು ಮೂರು ತಾಸು ಮತ್ತು ಸಂಜೆ. ಕಾವಲಿಗೆ ಆಳು ಒಬ್ಬರೇ ಇದ್ದರೆ ಆ ಹೊತ್ತಿಗೇ ಇರಿಸಿ, ಮಧ್ಯಾಹ್ನ ಬಿಡುವು ಕೊಡಿ.

ಬಲೆಯೇ ಗಟ್ಟಿ ರಕ್ಷಣೆ, ಆದರೆ ಖರ್ಚು ಹೆಚ್ಚು. ಹಣ್ಣು, ಬೀಜೋತ್ಪಾದನೆಯ ತಾಕಿಗೆ ಸರಿ. ಚಿಕ್ಕ ಹಕ್ಕಿಗೆ 20 ಮಿ.ಮೀ. ಮೀರದ ಕಣ್ಣು ಬೇಕು. ಬಲೆ ಜೋತು ಬಿದ್ದು ಹಣ್ಣಿಗೆ ತಾಗಿದರೆ ಹೊರಗಿಂದಲೇ ಕುಕ್ಕುತ್ತವೆ. ಚೌಕಟ್ಟಿಗೆ ಬಿಗಿದು ಕಟ್ಟಿ, ಅಂಚನ್ನು ನೆಲಕ್ಕೆ ಒತ್ತಿ ಮಣ್ಣು ಹಾಕಿ. ಸಣ್ಣ ಎಳೆಯ ನೈಲಾನ್ ಬಲೆ ಮಾತ್ರ ಬೇಡ, ಕಾಲು ಸಿಕ್ಕಿಕೊಂಡು ಹಕ್ಕಿ ನರಳಿ ಸಾಯುತ್ತದೆ.

ವಿಷಗಾಳು ಹಾಕಲೇಬಾರದು. ಕಾಳು ತಿನ್ನುವ ಗುಬ್ಬಿಯೇ ಮರಿಗಳಿಗೆ ಹುಳ ಹೆಕ್ಕಿ ಉಣಿಸುತ್ತದೆ.

ಅಕ್ಕಪಕ್ಕದವರು ಒಂದೇ ವಾರದಲ್ಲಿ ಬಿತ್ತಿದರೆ ನಷ್ಟ ಹಂಚಿಹೋಗುತ್ತದೆ. ಒಂಟಿಯಾಗಿ ಮೊದಲೋ ಕೊನೆಗೋ ಮಾಗುವ ಹೊಲ ಇಡೀ ಹಿಂಡಿಗೆ ಊಟ. ಕೊಯ್ಲಿನಲ್ಲೂ ತಡ ಬೇಡ: ಸೂರ್ಯಕಾಂತಿ ತೆನೆಯ ಬೆನ್ನು ನಿಂಬೆಹಳದಿಗೆ ತಿರುಗಿದೊಡನೆ ಕೊಯ್ದು, ಕಣದಲ್ಲಿ ಒಣಗಿಸಿ.