ಪಾಪರ್ ಚೀಟಿ ತೆಗೆದುಕೊಂಡರೆ ಸಾಲವೆಲ್ಲ ಮುಗಿಯಿತೇ?

ಪ್ರಶ್ನೆ: ಅಂಗಡಿ ಮುಚ್ಚಿದ್ದೇನೆ. ಬ್ಯಾಂಕ್ ಸಾಲ, ಕೈಸಾಲ ಸೇರಿ ತೀರಿಸಲಾಗದಷ್ಟಾಗಿದೆ. ಪಾಪರ್ ಚೀಟಿ ತೆಗೆದುಕೊಂಡರೆ ಯಾರೂ ಏನೂ ಕೇಳುವಂತಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ಅರ್ಧ ನಿಜ. ಪಾಪರ್ ಚೀಟಿ ಅಂದರೆ ಕೋರ್ಟಿನಿಂದ ದಿವಾಳಿ ಎಂದು ಘೋಷಿಸಿಕೊಳ್ಳುವುದು. ಉಳಿದರ್ಧ ಗೊತ್ತಿಲ್ಲದೆ ಅರ್ಜಿ ಹಾಕಿದರೆ ಈಗಿರುವುದಕ್ಕಿಂತ ದೊಡ್ಡ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೀರಿ.

2016ರ ದಿವಾಳಿ ಸಂಹಿತೆಯ ಬಗ್ಗೆ ಓದಿರುತ್ತೀರಿ. ಅದರಲ್ಲಿ ವ್ಯಕ್ತಿಗಳಿಗಾಗಿ ಇರುವ ಭಾಗ 2019ರ ಡಿಸೆಂಬರ್ 1ರಿಂದ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ನಿಮ್ಮಂಥವರಿಗೆ ಇಂದಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. 500 ರೂಪಾಯಿ ಸಾಲವಿದ್ದರೂ ಅರ್ಜಿ ಹಾಕಬಹುದು ಎಂದು ಬರೆದಿಟ್ಟ ಕಾಲದ ಕಾಯ್ದೆ ಅದು.

ಅರ್ಜಿ ಜಿಲ್ಲಾ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆ. ಯಾರಿಗೆ ಎಷ್ಟು ಕೊಡಬೇಕು, ಅವರ ವಿಳಾಸವೇನು, ನಿಮ್ಮ ಹೆಸರಿನಲ್ಲಿ ಏನೇನಿದೆ, ಎಲ್ಲವನ್ನೂ ಬರೆದುಕೊಡಬೇಕು. ಕೋರ್ಟ್ ನಿಮ್ಮನ್ನು ದಿವಾಳಿ ಎಂದು ಘೋಷಿಸಿದ ಕೂಡಲೇ ಆಸ್ತಿ ಕೋರ್ಟಿನ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟ್ ನೇಮಿಸಿದವರು) ಕೈಗೆ ಹೋಗುತ್ತದೆ. ಆಮೇಲೆ ಸಾಲ ಕೊಟ್ಟವರು ಕೋರ್ಟಿನ ಅನುಮತಿಯಿಲ್ಲದೆ ನಿಮ್ಮ ಮೇಲೆ ಹೊಸ ದಾವೆ ಹೂಡುವಂತಿಲ್ಲ. ಆದರೆ ಮನೆ ಅಡವಿಟ್ಟು ಸಾಲ ಕೊಟ್ಟ ಬ್ಯಾಂಕಿಗೆ ಈ ತಡೆ ಅನ್ವಯಿಸುವುದಿಲ್ಲ; ಅದು ಆ ಮನೆಯನ್ನು ಹರಾಜಿಗಿಡಬಹುದು.

ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಡತಿಯ ತಾಳಿ, ಬಡಗಿಯ ಉಳಿ, ರೈತನ ನೇಗಿಲು ಎತ್ತು, ಇವನ್ನು ಯಾರೂ ಮುಟ್ಟುವಂತಿಲ್ಲ. ಪಿಎಫ್ ಹಣವೂ ಹಾಗೆಯೇ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ದಿವಾಳಿ ಎಂದು ಘೋಷಣೆಯಾದ ಮಾತ್ರಕ್ಕೆ ಸಾಲ ಹರಿಯಲಿಲ್ಲ. ಕೋರ್ಟ್ ಕೊಟ್ಟ ಗಡುವಿನೊಳಗೆ ಡಿಸ್ಚಾರ್ಜ್ ಆದೇಶಕ್ಕೆ, ಅಂದರೆ ಸಾಲದಿಂದ ಬಿಡುಗಡೆಯ ಆದೇಶಕ್ಕೆ, ಬೇರೆಯೇ ಅರ್ಜಿ ಹಾಕಬೇಕು. ಹಾಕದಿದ್ದರೆ ಘೋಷಣೆಯೇ ರದ್ದಾಗುತ್ತದೆ, ಸಾಲ ಕೊಟ್ಟವರು ಮತ್ತೆ ಬಾಗಿಲಿಗೆ ಬರುತ್ತಾರೆ. ಡಿಸ್ಚಾರ್ಜ್ ಸಿಗುವವರೆಗೆ ಶಾಸಕ, ಸಂಸದ ಸ್ಥಾನಕ್ಕೂ ನೀವು ಅನರ್ಹರು.

ಡಿಸ್ಚಾರ್ಜ್ ಸಿಕ್ಕರೂ ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ಕೋರ್ಟ್ ವಿಧಿಸಿದ ಜೀವನಾಂಶ ಉಳಿಯುತ್ತವೆ. ಚೆಕ್ ಬೌನ್ಸ್ ಆಗಿದ್ದರೆ ಅದು ಕ್ರಿಮಿನಲ್ ಕೇಸು, ಅದರ ದಾರಿಯೇ ಬೇರೆ. ನನಗೆ ಇವೆಲ್ಲಕ್ಕಿಂತ ಸಂಕಟ ತರುವುದು ಜಾಮೀನುದಾರರ ಪಾಡು. ನಿಮ್ಮ ಡಿಸ್ಚಾರ್ಜ್ ಅವರನ್ನು ಬಿಡಿಸುವುದಿಲ್ಲ. ನಿಮ್ಮ ಮೇಲಿನ ನಂಬಿಕೆಯಿಂದ ಸಹಿ ಹಾಕಿದ ಭಾವಮೈದುನನ ಮನೆಗೇ ಬ್ಯಾಂಕಿನವರು ಹೋಗುತ್ತಾರೆ. ಅರ್ಜಿಗೆ ಮುಂಚೆ ಅವನ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಸೈಟನ್ನು ತಮ್ಮನ ಹೆಸರಿಗೆ ದಾನಪತ್ರ ಮಾಡಿಟ್ಟು ಆಮೇಲೆ ಅರ್ಜಿ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅರ್ಜಿಗೆ ಹಿಂದಿನ 2 ವರ್ಷಗಳಲ್ಲಿ ಹಾಗೆ ಬರೆದುಕೊಟ್ಟದ್ದನ್ನು ಕೋರ್ಟ್ ರದ್ದು ಮಾಡಬಹುದು. ಕೊನೆಯ 3 ತಿಂಗಳಲ್ಲಿ ಸಾಲ ಕೊಟ್ಟ ಒಬ್ಬರಿಗೆ ಮಾತ್ರ ಅನುಕೂಲ ಮಾಡಿಕೊಡಲೆಂದು ತೀರಿಸಿದ್ದೂ ನಿಲ್ಲುವುದಿಲ್ಲ. ಆಸ್ತಿ ಬಚ್ಚಿಟ್ಟದ್ದು ರುಜುವಾತಾದರೆ 1 ವರ್ಷದವರೆಗೆ ಜೈಲು.

ಸಾಲಕ್ಕೇ ಜೈಲು ಎಂಬ ಭಯ ಬೇಡ. ಕೊಡುವ ಶಕ್ತಿಯಿದ್ದೂ ಕೊಡದವನನ್ನಷ್ಟೇ ಸಿವಿಲ್ ಜೈಲಿಗೆ ಕಳಿಸಬಹುದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹಣದ ಡಿಕ್ರಿಗಾಗಿ (ಹಣ ಕೊಡಬೇಕೆಂಬ ಸಿವಿಲ್ ಕೋರ್ಟ್ ತೀರ್ಪಿಗಾಗಿ) ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮೊದಲು ವಿಚಾರಿಸಿ. ಹೋಗುವಾಗ ಪಾಸ್‌ಬುಕ್, ಸಾಲದ ಪತ್ರ, ಅಂಗಡಿಯ ಲೆಕ್ಕದ ಪುಸ್ತಕ, ಎಲ್ಲವನ್ನೂ ಒಂದೇ ಚೀಲದಲ್ಲಿ ತೆಗೆದುಕೊಂಡು ಹೋಗಿ.