ದಾರ, ನಟ್ಟು ಮತ್ತು ಎರಡು ಪೀರಿಯಡ್

ವಿಜ್ಞಾನದ ಪ್ರಾಜೆಕ್ಟ್ ಅಂದ ಕೂಡಲೇ ಜ್ವಾಲಾಮುಖಿ ನೆನಪಾಗುತ್ತದೆ, ಅಲ್ವಾ? ಮಣ್ಣಿನ ಗುಡ್ಡ, ಒಳಗೆ ಅಡುಗೆ ಸೋಡಾ, ಮೇಲಿಂದ ವಿನೆಗರ್. ನೊರೆ ಉಕ್ಕಿದರೆ ಚಪ್ಪಾಳೆ. ನೋಡೋಕೆ ಚೆನ್ನಾಗಿರುತ್ತದೆ, ನಿಜ. ಆದರೆ ಅಲ್ಲಿ ನಡೆಯುವುದು ಸೋಡಾ ಮತ್ತು ಆಮ್ಲ ಸೇರಿ ಕಾರ್ಬನ್ ಡೈಆಕ್ಸೈಡ್ ಹೊರಬರುವ ಕ್ರಿಯೆ. ಭೂಮಿಯೊಳಗಿನ ಕರಗಿದ ಬಂಡೆಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಹೆಚ್ಚಾಗಿ, ಗುಡ್ಡಕ್ಕೆ ಯಾವ ಬಣ್ಣ ಅನ್ನೋದು ಬಿಟ್ಟರೆ ಮಗು ತಾನಾಗಿ ತೀರ್ಮಾನಿಸುವುದು ಏನೂ ಇರುವುದಿಲ್ಲ. ಎಷ್ಟೋ ಸಲ ಬಣ್ಣ ಬಳಿದವರೂ ಅಪ್ಪ ಅಮ್ಮನೇ.

ಪ್ರಾಜೆಕ್ಟ್ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಮಗುವಿನ ಊಹೆ ತಪ್ಪಾದರೆ ಅದನ್ನು ನಾನು ಹೇಳಬೇಕಾ, ಇಲ್ಲ ಕೈಯಲ್ಲಿರುವ ವಸ್ತುವೇ ಹೇಳುತ್ತದಾ?

ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದದ್ದು ಲೋಲಕ, ಅಂದರೆ ದಾರದ ತುದಿಗೆ ಭಾರ ಕಟ್ಟಿ ತೂಗಾಡಲು ಬಿಡುವುದು. ದಾರ, ಕೆಲವು ಕಬ್ಬಿಣದ ನಟ್ಟು, ಅಳತೆ ಟೇಪು, ಸ್ಟಾಪ್‌ವಾಚ್. ಇಷ್ಟು ಸಾಕು. ನಾಲ್ಕು ಮಕ್ಕಳ ಗುಂಪು ಮಾಡಿ, ಮೊದಲು ಊಹೆ ಬರೆಸುತ್ತೇನೆ. ಪೆನ್ನಲ್ಲೇ ಬರೆಯಬೇಕು, ಅಳಿಸುವ ಹಾಗಿಲ್ಲ. ‘ಭಾರ ಜಾಸ್ತಿ ಮಾಡಿದರೆ ಲೋಲಕ ಬೇಗ ತೂಗುತ್ತದಾ?’ ಹೆಚ್ಚಿನವರು ಹೌದು ಅಂತಾರೆ.

ಆಮೇಲೆ ಗಲಾಟೆ ಶುರು. 1 ಮೀಟರ್ ಉದ್ದದ ಲೋಲಕ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಒಂದೇ ಸಲ ಅಳೆದರೆ ಬೆರಳು ತಡವಾದ ತಪ್ಪೇ ದೊಡ್ಡದಾಗುತ್ತದೆ. ಅದಕ್ಕೆ 10 ಸಲ ತೂಗಲು ಬಿಟ್ಟು, ಬಂದ ಸಮಯವನ್ನು 10ರಿಂದ ಭಾಗಿಸಿ ಅನ್ನುತ್ತೇನೆ. ಒಂದು ಗುಂಪಿಗೆ 20 ಸೆಕೆಂಡು, ಪಕ್ಕದ ಗುಂಪಿಗೆ 18. ಜಗಳ! ಹತ್ತಿರ ನಿಂತು ನೋಡಿದರೆ ಕಾರಣ ಸಿಗುತ್ತದೆ. ಎರಡನೇ ಗುಂಪಿನವರು ಕೈಬಿಟ್ಟ ಕ್ಷಣವೇ ‘ಒಂದು’ ಎಂದು ಎಣಿಕೆ ಶುರು ಮಾಡಿರುತ್ತಾರೆ. ‘ಹತ್ತು’ ಅನ್ನುವಾಗ ಲೋಲಕ ಒಂಬತ್ತೇ ಸಲ ತೂಗಿರುತ್ತದೆ. ನಾನು ಬಾಯಿ ಬಿಡುವುದಿಲ್ಲ. ಇನ್ನೊಮ್ಮೆ ಮಾಡಿ ತೋರಿಸಿ ಅಂತ ಎರಡೂ ಗುಂಪಿಗೆ ಹೇಳಿ ಸುಮ್ನೆ ನಿಲ್ಲುತ್ತೇನೆ. ‘ಸೊನ್ನೆ’ಯಿಂದ ಎಣಿಸಬೇಕು ಅಂತ ಯಾರೋ ಒಬ್ಬರು ಕೂಗುತ್ತಾರೆ.

ಇನ್ನೊಂದು ಎಡವಟ್ಟು ನಟ್ಟುಗಳದ್ದು. ಭಾರ ಹೆಚ್ಚಿಸಲು ಒಂದರ ಕೆಳಗೊಂದು ಕಟ್ಟಿದರೆ ಲೋಲಕದ ಉದ್ದವೂ ಹೆಚ್ಚುತ್ತದೆ. ಸಮಯ ಸ್ವಲ್ಪ ಏರುತ್ತದೆ. ‘ಭಾರವಾದರೆ ನಿಧಾನ’ ಎಂದು ಮಕ್ಕಳು ಬರೆದುಬಿಡುತ್ತಾರೆ. ಎಲ್ಲ ನಟ್ಟುಗಳನ್ನೂ ಒಂದೇ ಕೊಕ್ಕೆಗೆ ಸಿಕ್ಕಿಸಿದ ಗುಂಪಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಎರಡೂ ಗುಂಪಿನವರನ್ನು ಅಕ್ಕಪಕ್ಕ ನಿಲ್ಲಿಸಿದರೆ ಸಾಕು, ಟೇಪು ತಾನಾಗಿ ಹೊರಗೆ ಬರುತ್ತದೆ.

ಕೊನೆಗೆ ಒಂದು ಸವಾಲು: ಸಮಯ ಅರ್ಧ ಆಗಬೇಕು, ದಾರ ಎಷ್ಟಿರಬೇಕು? ಎಲ್ಲರ ಕೈಯೂ 50 ಸೆಂಟಿಮೀಟರಿಗೆ ಹೋಗುತ್ತದೆ. 10 ತೂಗಾಟಕ್ಕೆ ಬರುವುದು ಸುಮಾರು 14 ಸೆಕೆಂಡು. ದಾರ ಗಿಡ್ಡ ಮಾಡುತ್ತಾ ಹೋಗಿ 25 ಸೆಂಟಿಮೀಟರಿಗೆ ಬಂದಾಗ 10 ಸೆಕೆಂಡು ಸಿಗುತ್ತದೆ. ಉದ್ದ ಕಾಲು ಭಾಗವಾದರೆ ಸಮಯ ಅರ್ಧ; ಕಾಲರ ವರ್ಗಮೂಲವೇ ಅರ್ಧ. ವರ್ಗಮೂಲದ ಪಾಠಕ್ಕೆ ಇದಕ್ಕಿಂತ ಒಳ್ಳೆ ಬಾಗಿಲು ನನಗೆ ಗೊತ್ತಿಲ್ಲ.

ಅಮೆರಿಕದ ಶಿಕ್ಷಣ ಚಿಂತಕ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲೇ ಪ್ರಾಜೆಕ್ಟ್ ಪದ್ಧತಿಯ ಬಗ್ಗೆ ಬರೆದಿದ್ದರು. ಮಗು ಮನಸಾರೆ, ಒಂದು ಉದ್ದೇಶ ಇಟ್ಟುಕೊಂಡು ಮಾಡುವ ಕೆಲಸ ಅನ್ನೋದು ಅವರ ಅರ್ಥ. ಪ್ರದರ್ಶನದ ಮೇಜಿನ ಸುದ್ದಿ ಅದರಲ್ಲಿಲ್ಲ.

‘ಪೋರ್ಷನ್ ಮುಗಿಯುವುದು ಯಾವಾಗ?’ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಎಲ್ಲ ಪಾಠಕ್ಕೂ ಪ್ರಾಜೆಕ್ಟ್ ಬೇಡ, ಬೇರೆ ಪಾಠಗಳು ಕೆಟ್ಟುಹೋಗುತ್ತವೆ. ಲೋಲಕಕ್ಕೆ ಒಟ್ಟಿಗೆ ಬರುವ ಎರಡು ಪೀರಿಯಡ್ ಕೊಡಿ. ಎಣಿಸುವವರು, ಸಮಯ ನೋಡುವವರು, ಬರೆಯುವವರು ಸರದಿಯಂತೆ ಬದಲಾಗಲಿ, ಇಲ್ಲವಾದರೆ ಜೋರಿರುವ ಮಗುವೇ ಎಲ್ಲ ಮಾಡುತ್ತದೆ. ಮತ್ತೆ ಮಾರ್ಕ್ಸ್? ಊಹೆ ಸರಿಯಾಗಿತ್ತಾ ಅನ್ನೋದಕ್ಕೆ ನಾನು ಕೊಡುವುದಿಲ್ಲ. ಅಳತೆಗೂ ಊಹೆಗೂ ತಾಳೆಯಾಗದಿದ್ದಾಗ ಮುಂದೆ ಏನು ಮಾಡಿದರು ಅಂತ ನೋಟ್‌ಬುಕ್‌ನಲ್ಲಿ ಬರೆದಿರುತ್ತಾರಲ್ಲ, ಆ ಪುಟಕ್ಕೆ ಕೊಡುತ್ತೇನೆ.